ಸ್ಟೇಷನ್ ಮಾಸ್ಟರ್ ಹುದ್ದೆ ಖಾಲಿ ಇದೆ

"ಈಗ ನೀನು ಕಳ್ಳ ಅಂದ್ಕೋ," ಎಂದರು ಮರುಳಸಿದ್ದಪ್ಪನವರು ಹೆಂಡತಿಗೆ. "ಗೇಟು ತೆಗೆದು ಒಳಗೆ ಬಾ ನೋಡೋಣ."

ರುದ್ರಾಂಬ ಸೆರಗಿಗೆ ಕೈ ಒರೆಸಿಕೊಂಡು ಹೊರಗೆ ಹೋದರು. ಒಲೆಯ ಮೇಲೆ ಹುರುಳಿಕಾಳು ಬೇಯುತ್ತಿತ್ತು. ಕಳ್ಳರಾಗುವುದೇ ಆದರೆ ಬೇಗ ಆಗಿ ಮುಗಿಸಿದರೆ ಒಗ್ಗರಣೆಗೆ ಹೊತ್ತು ಸಿಗುತ್ತದೆ ಎಂಬ ಅವಸರ ಅವರದು. ಗೇಟಿನ ಚಿಲಕಕ್ಕೆ ಕೈ ಹಾಕಿದರೋ ಇಲ್ಲವೋ, ಮನೆಯೊಳಗಿಂದ ಒಂದು ಹೆಣ್ಣುದನಿ ಕೇಳಿಬಂತು. ರೈಲು ಎಷ್ಟು ತಡವಾದರೂ ಬೇಸರಪಡದೆ ಹೇಳುತ್ತದಲ್ಲ, ಅದೇ ದನಿ.

"ದಯವಿಟ್ಟು ಗಮನಿಸಿ. ಮನೆಯ ಯಜಮಾನಿಯವರು ಕಳ್ಳರಾಗಿ ಒಂದನೇ ಗೇಟಿಗೆ ಆಗಮಿಸುತ್ತಿದ್ದಾರೆ. ಒಲೆಯ ಮೇಲಿನ ಹುರುಳಿಕಾಳು ಐದು ನಿಮಿಷ ತಡವಾಗಿ ಬೇಯುತ್ತಿದೆ. ಅನನುಕೂಲಕ್ಕಾಗಿ ವಿಷಾದಿಸುತ್ತೇವೆ."

ಬೀದಿಯಲ್ಲಿ ಹೋಗುತ್ತಿದ್ದ ಹಾಲಿನವನು ಸೈಕಲ್ ನಿಲ್ಲಿಸಿ ರುದ್ರಾಂಬರನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

"ಹೆಂಗಿದೆ?" ಎಂದರು ಮರುಳಸಿದ್ದಪ್ಪ, ಬಾಗಿಲಲ್ಲಿ ನಿಂತು ಎದೆ ಉಬ್ಬಿಸಿ.

"ಚೆನ್ನಾಗಿದೆ. ನಾಳೆಯಿಂದ ಹಾಲು ಬೇರೆ ಕಡೆ ನೋಡ್ಕೋಬೇಕು," ಎಂದರು ರುದ್ರಾಂಬ.

ಮರುಳಸಿದ್ದಪ್ಪನವರು ಅರಸೀಕೆರೆಯಲ್ಲಿ ಮೂವತ್ತಾರು ವರ್ಷ ರೈಲ್ವೆಯ ಸಿಗ್ನಲ್ ಕೆಲಸ ಮಾಡಿ ನಿವೃತ್ತರಾದವರು. ನಿವೃತ್ತಿ ಅವರಿಗೆ, ಕೆಲಸಕ್ಕಲ್ಲ. ಇಡ್ಲಿ ಬೆಂದರೆ ಕೈ ಎತ್ತುವ ಪಾತ್ರೆ ಮಾಡಿದ್ದರು. ಅದು ಎತ್ತಿದ ಕೈಯನ್ನು ಇಳಿಸದೆ ಒಂದು ವಾರ ಮನೆಯವರೆಲ್ಲ ಬರೀ ಇಡ್ಲಿ ತಿಂದರು. ಈಗ ಮಾಡಿರುವುದು ಮನೆ ಕಾಯುವ ಕಂಪ್ಯೂಟರ್. ಮುಚ್ಚಿಹೋದ ಯಾವುದೋ ಆಫೀಸಿನ ಹಳೆಯ ಕಂಪ್ಯೂಟರ್, ಗುಜರಿಯ ಸಿಗ್ನಲ್ ಪೆಟ್ಟಿಗೆ, ನಾಲ್ಕು ಕ್ಯಾಮೆರಾ, ಕೆಂಪು ಹಳದಿ ಹಸಿರು ಎಂದು ಮೂರು ದೀಪ. ಹೆಸರು ಕ್ಯಾಬಿನ್.

ಇದನ್ನು ಮಾಡಿಸಿದ್ದು ರುದ್ರಾಂಬರೇ ಅನ್ನಿ. ರೈಲ್ವೆಯವರ ಹೆಂಡತಿಗೆ ದೇಶವೆಲ್ಲ ಬಿಟ್ಟಿ ಪಾಸು. ಮೂವತ್ತಾರು ವರ್ಷ ಆ ಪಾಸು ಕಬ್ಬಿಣದ ಬೀರುವಿನಲ್ಲಿ ಬೆಚ್ಚಗೆ ಮಲಗಿತ್ತು. ಹೊರಡೋಣ ಎಂದಾಗಲೆಲ್ಲ ಯಜಮಾನರದು ಒಂದೇ ಮಾತು: "ಮನೆ ಕಾಯೋಕೆ ಜನ ಬೇಕಲ್ಲೇ." ರುದ್ರಾಂಬ ಕಡಲು ನೋಡಿರಲಿಲ್ಲ. ಅರವತ್ತೊಂದು ವರ್ಷದ ಹೆಂಗಸಿಗೆ ಅದೇನು ದೊಡ್ಡ ಆಸೆಯಲ್ಲ. ಉಳ್ಳಾಲದಲ್ಲಿ ನೀರಿಗೆ ಕಾಲಿಟ್ಟು ಒಂದು ಗಳಿಗೆ ನಿಂತು ಬರಬೇಕು, ಅಷ್ಟೇ. ಈ ಸಲ ಅವರು ಗಟ್ಟಿಯಾಗಿ ಹೇಳಿದ್ದರು: ಮನೆ ಕಾಯೋಕೆ ನೀವೇ ಯಾರನ್ನಾದ್ರೂ ನೋಡಿ, ಜನ ಸಿಗದಿದ್ದರೆ ಯಂತ್ರ ಮಾಡಿ. ಈ ವರ್ಷದ ಪಾಸಿನ ಅವಧಿ ಈ ತಿಂಗಳ ಮೂವತ್ತಕ್ಕೆ ಮುಗಿಯುತ್ತಿತ್ತು. ಶನಿವಾರ ಬೆಳಿಗ್ಗೆ ಆರು ಇಪ್ಪತ್ತರ ರೈಲಿಗೆ ಸೀಟು ಕಾಯ್ದಿರಿಸಿದ್ದಾಗಿತ್ತು. ಇವತ್ತು ಮಂಗಳವಾರ. ರುದ್ರಾಂಬರ ಚೀಲ ಭಾನುವಾರವೇ ಕಟ್ಟಿ ಮುಗಿದಿತ್ತು. ಆಮೇಲೆ ದಿನಕ್ಕೆ ಮೂರು ಸಲ ಬಿಚ್ಚಿ ಮತ್ತೆ ಕಟ್ಟುವುದು ನಡೆದಿತ್ತು.

"ಎಲ್ಲ ರೈಲ್ವೆ ನಿಯಮದ ಪ್ರಕಾರವೇ ಕಣೇ," ಎಂದು ಮರುಳಸಿದ್ದಪ್ಪ ವಿವರಿಸಿದರು. "ಮುಂಬಾಗಿಲಿಗೆ ಕರೆಂಟಿನ ಅಗುಳಿ. ಒಳಗಿಂದ ಯಾರಾದರೂ ಹೊರಡಬೇಕಾದರೆ ಮುಂದಿನ ಸ್ಟೇಷನ್ನಿಂದ ಲೈನ್ ಕ್ಲಿಯರ್ ಬರಬೇಕು, ದಾರಿ ಖಾಲಿ ಇದೆ ಬನ್ನಿ ಅಂತ. ಬಂದರೆ ಹಸಿರು, ಬಾಗಿಲು ತೆರೆಯುತ್ತೆ. ಹೊರಗಿಂದ ಬರೋರಿಗೆ ಇನ್ನೂ ಸುಲಭ. ಒಳಗೆ ಜನ ಇದ್ದರೆ ಕೆಂಪು, ನಾವು ಒಪ್ಪಿದರೆ ಮಾತ್ರ ಬರಬಹುದು. ಮನೆ ಖಾಲಿ ಇದ್ದರೆ ಹಸಿರು."

ರುದ್ರಾಂಬ ಸೌಟು ಹಿಡಿದವರು ಹಾಗೇ ನಿಂತರು. "ಖಾಲಿ ಮನೆಗೆ ಹಸಿರಾ?"

"ಮತ್ತೆ? ಖಾಲಿ ಲೈನಿಗೆ ತಾನೇ ಗಾಡಿ ತಗೊಳ್ಳೋದು? ಗಾಡಿ ನಿಂತಿರೋ ಲೈನಿಗೆ ಯಾರಾದರೂ ತಗೋತಾರಾ? ನಿನಗೆ ಗೊತ್ತಾಗಲ್ಲ ಬಿಡು."

ಹುರುಳಿಕಾಳು ಉಕ್ಕಿ ಒಲೆಗೆ ಸುರಿಯಿತು. ಆ ಮಾತು ಅಲ್ಲಿಗೇ ನಿಂತಿತು.

ಆ ಹೊತ್ತಿಗೆ ಕ್ಯಾಬಿನ್ನಿನ ಹಳದಿ ದೀಪ ಹತ್ತಿತು. "ಎಚ್ಚರಿಕೆ. ಈ ಮನೆಯಲ್ಲಿ ಸಿಗ್ನಲ್ ಇನ್‌ಸ್ಪೆಕ್ಟರ್ ಒಬ್ಬರಿದ್ದಾರೆ. ಸ್ಟೇಷನ್ ಮಾಸ್ಟರ್ ಹುದ್ದೆ ಖಾಲಿ ಇದೆ."

"ಅದೇನ್ರೀ?"

"ಹೆಸರು ತುಂಬೋ ಜಾಗ ಒಂದು ಹಾಗೇ ಬಿಟ್ಟಿದೀನಿ. ತಲೆಗೆ ಹಚ್ಕೋಬೇಡ."

ಬುಧವಾರ ಬೆಳಿಗ್ಗೆ ಸ್ನಾನ ಮುಗಿಸಿ ಬಂದ ರುದ್ರಾಂಬರಿಗೆ ಆ ದನಿ ಹೇಳಿತು: "ದಯವಿಟ್ಟು ಗಮನಿಸಿ. ಬಾಗಿಲು ಸಂಖ್ಯೆ ಇಪ್ಪತ್ತಮೂರನ್ನು ಯಾರೋ ತಟ್ಟುತ್ತಿದ್ದಾರೆ."

ಅವರು ಮುಂಬಾಗಿಲು ನೋಡಿದರು, ಹಿತ್ತಲ ಬಾಗಿಲು ನೋಡಿದರು. ಯಾರೂ ಇಲ್ಲ.

"ಬಾಗಿಲು ಸಂಖ್ಯೆ ನಾನೂರ ನಲವತ್ತೈದನ್ನು ಯಾರೋ ತಟ್ಟುತ್ತಿದ್ದಾರೆ. ಬಾಗಿಲು ಸಂಖ್ಯೆ ಎಂಟು ಸಾವಿರದ ಎಂಬತ್ತನ್ನು ಇಬ್ಬರು ತಟ್ಟುತ್ತಿದ್ದಾರೆ."

"ಏನ್ರೀ, ನಮ್ಮನೆಗಿರೋದು ಎರಡೇ ಬಾಗ್ಲು."

"ಇದು ಕಂಪ್ಯೂಟರಿನ ಬಾಗಿಲು ಕಣೇ. ಪೋರ್ಟು ಅಂತಾರೆ. ಇಂಟರ್ನೆಟ್ಟಿನ ಕಡೆಗೆ ತೆರೆಯುತ್ತೆ. ಒಂದು ಕಂಪ್ಯೂಟರಿಗೆ ಅರವತ್ತೈದು ಸಾವಿರದ ಐನೂರ ಮೂವತ್ತೈದು."

"ಅಷ್ಟು ಬಾಗಿಲಿಗೂ ರಂಗೋಲಿ ಯಾರು ಹಾಕೋದು?"

"ತಮಾಷೆ ಮಾಡ್ಬೇಡ."

"ಮುಚ್ಚಿದೀರಿ ತಾನೇ?"

ಮರುಳಸಿದ್ದಪ್ಪನವರು ಕುರ್ಚಿಯಲ್ಲಿ ನೆಟ್ಟಗೆ ಕೂತರು. "ಮುಚ್ಚೋದಾ? ಪಕ್ಕದ ಸ್ಟೇಷನ್ನಿಂದ ಗಂಟೆ ಹೊಡೆದರೆ ಉತ್ತರ ಕೊಡಲೇಬೇಕು. ಯಾರು ಕೇಳಿದರೂ ಲೈನಿನಲ್ಲಿ ಏನಿದೆ ಅಂತ ನಿಜ ಹೇಳಲೇಬೇಕು. ಸುಳ್ಳು ಹೇಳಿದರೆ, ಇಲ್ಲಾ ಸುಮ್ಮನಿದ್ದರೆ, ಗಾಡಿಗೆ ಗಾಡಿ ಡಿಕ್ಕಿ. ಮೂವತ್ತಾರು ವರ್ಷದಲ್ಲಿ ಒಂದು ಗಂಟೆಯ ಸದ್ದೂ ಉತ್ತರವಿಲ್ಲದೆ ಹೋಗೋಕೆ ನಾನು ಬಿಟ್ಟಿಲ್ಲ. ನನ್ನ ಯಂತ್ರವೂ ಬಿಡಲ್ಲ."

ಅಂದಿನಿಂದ ಆ ಮನೆಗೆ ನೆಮ್ಮದಿ ಇಲ್ಲದಾಯಿತು. ಉಣ್ಣಲು ಕೂತರೆ ಹದಿನೇಳು ಎಚ್ಚರಿಕೆ, ಎದ್ದರೆ ನಲವತ್ತು. ಪ್ರಪಂಚದಲ್ಲಿ ಮಾಡಲು ಬೇರೆ ಕೆಲಸವಿಲ್ಲದ ಕಂಪ್ಯೂಟರುಗಳೆಲ್ಲ ಸಾಲಾಗಿ ಬಂದು ತಟ್ಟುತ್ತಿದ್ದವು, ಕ್ಯಾಬಿನ್ ಒಂದೊಂದಕ್ಕೂ ವಿನಯದಿಂದ ಓಗೊಡುತ್ತಿತ್ತು. ಅಷ್ಟೇ ಅಲ್ಲ, ತಟ್ಟಿದವರನ್ನೆಲ್ಲ ಪಕ್ಕದ ಸ್ಟೇಷನ್ ಎಂದೇ ಬರೆದುಕೊಳ್ಳುತ್ತಿತ್ತು. ಪಕ್ಕದ ಬೀದಿಯಿಂದ ಕರಿಬೇವು ತರಲು ಹೊರಟ ರುದ್ರಾಂಬ ಬಾಗಿಲ ಮುಂದೆ ಹನ್ನೆರಡು ನಿಮಿಷ ನಿಂತರು. ಲೈನ್ ಕ್ಲಿಯರ್ ಕೊಡಬೇಕಾದ ಕಂಪ್ಯೂಟರ್ ಯಾವುದೋ ಪರದೇಶದ್ದು. ಅದರ ಕಡೆಯವರು ಊಟಕ್ಕೆ ಹೋಗಿದ್ದರೋ ಏನೋ.

"ಒಂದು ಎಸಳು ಕರಿಬೇವಿಗೆ ಪರದೇಶದ ಒಪ್ಪಿಗೆ ಬೇಕಾ?" ಎಂದು ಅವರು ಬಾಗಿಲಿಗೇ ಕೇಳಿದರು.

"ಸ್ಟೇಷನ್ ಮಾಸ್ಟರ್ ಹುದ್ದೆ ಖಾಲಿ ಇದೆ," ಎಂದಿತು ಕ್ಯಾಬಿನ್.

ಗುರುವಾರ ಹತ್ತು ಗಂಟೆಗೆ ಶಾಹಿದಾ ಬಂದಳು. ಬಸ್ ಸ್ಟ್ಯಾಂಡಿನ ಹತ್ತಿರ ಅರ್ಜಿ ತುಂಬುವ ಆನ್‌ಲೈನ್ ಅಂಗಡಿ ಅವಳದು. ನಲವತ್ತರ ಹೆಂಗಸು, ಕನ್ನಡಕ ತಲೆಯ ಮೇಲೆ, ಮಾತು ತುದಿನಾಲಗೆಯ ಮೇಲೆ. ಊರಿನ ಅರ್ಧ ಜನದ ಪಿಂಚಣಿ ಅವಳ ಬೆರಳಿನಿಂದಲೇ ಬರುತ್ತಿತ್ತು. ಗೇಟಿನಲ್ಲಿ ನಿಂತೇ ಕೂಗಿದಳು.

"ಅಮ್ಮಾ, ನಿನ್ನೆ ನಿಮ್ಮನೇಲಿ ಬಸ್ಸಾರಲ್ವಾ?"

"ಹೌದು. ನಿನಗೆ ಯಾರು ಹೇಳಿದ್ರು?"

"ನಿಮ್ಮನೆ ಕಂಪ್ಯೂಟರ್ರೇ ಹೇಳ್ತು. ಅಂಗಡೀಲಿ ಒಬ್ಬರಿಗೆ ಅರ್ಜಿ ಹಾಕ್ತಾ ಇದ್ದೆ, ನನ್ನ ಕಂಪ್ಯೂಟರೂ ಅದಕ್ಕೆ ಪಕ್ಕದ ಸ್ಟೇಷನ್ನಂತೆ, ಪರದೆ ಮೇಲೆ ಇದು ಬಂತು." ಅವಳು ಕನ್ನಡಕ ಇಳಿಸಿ ಫೋನು ನೋಡಿ ಓದಿದಳು. "ಗಮನಿಸಿ. ಮನೆಯಲ್ಲಿ ಇಬ್ಬರು. ಊಟಕ್ಕೆ ಬಸ್ಸಾರು. ಇನ್‌ಸ್ಪೆಕ್ಟರ್ ಸ್ನಾನದಲ್ಲಿ, ಇಪ್ಪತ್ತು ನಿಮಿಷ ತಡ. ಯಜಮಾನಿಯವರು ಚೀಲ ಬಿಚ್ಚಿ ಕಟ್ಟುತ್ತಿರುವುದು ಇವತ್ತಿಗೆ ನಾಲ್ಕನೇ ಸಲ. ಶನಿವಾರ ಬೆಳಿಗ್ಗೆ ಐದೂವರೆಗೆ ಇಬ್ಬರೂ ನಿರ್ಗಮಿಸಲಿದ್ದಾರೆ. ಸೋಮವಾರ ಸಂಜೆಯವರೆಗೆ ಮನೆ ಖಾಲಿ ಇರುತ್ತದೆ."

ರುದ್ರಾಂಬ ಅವಳನ್ನು ಒಳಗೆ ಎಳೆದುಕೊಂಡರು. "ಇದನ್ನ ಅದು ಯಾರ್ಯಾರಿಗೆ ಹೇಳಿದೆ?"

"ಕೇಳಿದೋರಿಗೆಲ್ಲ. ಎರಡು ದಿನದಲ್ಲಿ ಒಂಬತ್ತು ಸಾವಿರ ಸಲ ಅಂತ ಕೆಳಗೆ ಅದೇ ಲೆಕ್ಕ ಕೊಟ್ಟಿದೆ."

ಒಳಗಿನಿಂದ ಮರುಳಸಿದ್ದಪ್ಪನವರು ಬಂದರು. ವಿಷಯ ಕೇಳಿ ಮೊದಲು ಅವರಿಗಾದದ್ದು ಸಂತೋಷ. "ಒಂಬತ್ತು ಸಾವಿರದಲ್ಲಿ ಒಂದೂ ತಪ್ಪಿಲ್ಲ ನೋಡು." ಆಮೇಲೆ ಅರ್ಥವಾಯಿತು. ಕುರ್ಚಿ ಹಿಡಿದು ಕೂತರು. "ಹಾಗಾದ್ರೆ ಹೋಗೋದು ಬೇಡ ಕಣೇ. ಇಷ್ಟು ಜನಕ್ಕೆ ಗೊತ್ತಾದ ಮೇಲೆ ಮನೆ ಬಿಟ್ಟು ಹೋಗೋಕಾಗುತ್ತಾ? ಮನೆ ಕಾಯೋಕೆ ಜನ ಬೇಕು."

ಮೂವತ್ತಾರು ವರ್ಷದ ಆ ಮಾತು ಮತ್ತೆ ಬಂದಾಗ ರುದ್ರಾಂಬ ಕೂಗಾಡಲಿಲ್ಲ. ಒಳಗೆ ಹೋಗಿ ಚೀಲ ತಂದು ಹಜಾರದ ನಡುವೆ ಇಟ್ಟು, ಅದರ ಪಕ್ಕದಲ್ಲಿ ಕಾಲು ಚಾಚಿ ಕೂತರು.

"ಶನಿವಾರ ನಾನು ಹೋಗ್ತೀನಿ. ನೀವು ಬಂದ್ರೆ ಇಬ್ಬರು, ಇಲ್ದಿದ್ರೆ ಒಬ್ಬಳು. ಅಷ್ಟರೊಳಗೆ ಆ ಬಾಗಿಲುಗಳನ್ನ ಮುಚ್ಚಿ."

"ಒಂದೇ ಸಾಲು ಬರೆದ್ರೆ ಎಲ್ಲ ಮುಚ್ಚುತ್ತೆ ಅಂಕಲ್," ಎಂದಳು ಶಾಹಿದಾ. "ಎರಡು ನಿಮಿಷದ ಕೆಲಸ."

"ಹಾಗೆಲ್ಲ ಮುಚ್ಚೋ ಹಾಗಿಲ್ಲಮ್ಮ. ಒಂದು ಸಿಗ್ನಲ್ ಲಿವರ್ ಮುಟ್ಟಬೇಕಾದರೆ ರಿಜಿಸ್ಟರಿನಲ್ಲಿ ಬರೀಬೇಕು. ಸಂಖ್ಯೆ, ಹೊತ್ತು, ಕಾರಣ, ಸಹಿ." ಅವರು ಬೀರುವಿನಿಂದ ಉದ್ದನೆಯ ರಿಜಿಸ್ಟರ್ ತೆಗೆದು, ಗೆರೆ ಎಳೆದು, ಕನ್ನಡಕ ಹಾಕಿಕೊಂಡು ಬರೆಯತೊಡಗಿದರು. ಬಾಗಿಲು ಒಂದು, ಹತ್ತು ಗಂಟೆ ನಲವತ್ತು ನಿಮಿಷ, ಕಾರಣ ಹೆಂಡತಿಯ ಪ್ರಯಾಣ, ಸಹಿ. ಬಾಗಿಲು ಎರಡು.

ಒಂದಕ್ಕೆ ಒಂದು ನಿಮಿಷ ಹಿಡಿಯಿತು. ಶಾಹಿದಾ ಫೋನಿನಲ್ಲಿ ಗುಣಿಸಿ ಭಾಗಿಸಿ ರುದ್ರಾಂಬರಿಗೆ ತೋರಿಸಿದಳು: ಊಟ ನಿದ್ದೆ ಬಿಟ್ಟು ಬರೆದರೂ ನಲವತ್ತೈದು ದಿನ.

"ಶನಿವಾರ ಅಂದ್ನಲ್ಲ," ಎಂದರು ರುದ್ರಾಂಬ.

"ಅದಕ್ಕೇ ಮಾತಾಡಿಸಬೇಡ," ಎಂದರು ಅವರು. "ಬಾಗಿಲು ಏಳು."

ಶುಕ್ರವಾರ ಮಧ್ಯಾಹ್ನದ ಹೊತ್ತಿಗೆ ನಾನೂರ ಹನ್ನೊಂದು ಬಾಗಿಲು ಮುಚ್ಚಿದ್ದವು. ಮುಚ್ಚಿದ ಬಾಗಿಲಿಗೆ ಬಂದವರೆಲ್ಲ ಪಕ್ಕದ ಬಾಗಿಲಿಗೆ ಹೋಗಿ ತಟ್ಟುತ್ತಿದ್ದುದರಿಂದ ಎಚ್ಚರಿಕೆಗಳು ಇನ್ನೂ ಹೆಚ್ಚಿದವು. ಇದರ ನಡುವೆ ಬೀದಿಯ ತುದಿಯ ಮನೆಯಾಕೆ ಬಂದು, ತನ್ನ ಸೊಸೆ ಸಾರಿಗೆ ಎಷ್ಟು ಹುಣಸೆಹಣ್ಣು ಹಾಕುತ್ತಾಳೆಂದು ಆ ಯಂತ್ರವನ್ನು ಕೇಳಿ ಹೇಳಿ ಎಂದು ಕಿಟಕಿಯಲ್ಲಿ ಅರ್ಧ ಗಂಟೆ ನಿಂತರು. ಮರುಳಸಿದ್ದಪ್ಪನವರು ನಾನೂರ ಹನ್ನೆರಡನೆಯದಕ್ಕೆ ಸಹಿ ಹಾಕುವ ಮೊದಲೇ ರಿಜಿಸ್ಟರಿನ ಮೇಲೆ ತಲೆಯಿಟ್ಟು ನಿದ್ದೆ ಹೋದರು.

ರುದ್ರಾಂಬ ಶಾಹಿದಾಳನ್ನು ಕರೆಸಿದರು. ಕ್ಯಾಬಿನ್ ಕಡೆಗೆ ಬೆರಳು ತೋರಿಸಿ ಮೆಲ್ಲಗೆ ಹೇಳಿದರು: "ಮುಚ್ಚವ್ವ ಎಲ್ಲಾನೂ."

"ಅಂಕಲ್ ಬೈತಾರೆ."

"ಎದ್ದ ಮೇಲೆ ತಾನೇ ಬಯ್ಯೋದು?"

ಶಾಹಿದಾ ಕಿಟಕಿಯ ಹೊರಗೆ ನಿಂತೇ ತನ್ನ ಫೋನಿನಲ್ಲಿ ಒಂದು ಸಾಲು ಬರೆದಳು. ದನಿ ನಿಂತಿತು. ಮೂರು ದಿನದ ಮೇಲೆ ಆ ಮನೆಯಲ್ಲಿ ಗಡಿಯಾರದ ಸದ್ದು ಕೇಳಿಸಿತು. ಎದ್ದ ಮೇಲೆ ಮರುಳಸಿದ್ದಪ್ಪನವರು ಒಂದು ಗಂಟೆ ಮುಖ ಊದಿಸಿಕೊಂಡಿದ್ದರು. ಆಮೇಲೆ ರಿಜಿಸ್ಟರ್ ಅರ್ಧಕ್ಕೆ ನಿಂತಿರುವುದನ್ನು ನೋಡಲಾರದೆ, ನಾನೂರ ಹನ್ನೆರಡರಿಂದ ಕೊನೆಯವರೆಗೆ ಒಂದು ದೊಡ್ಡ ಆವರಣ ಚಿಹ್ನೆ ಹಾಕಿ, ಕಾರಣ ಎಂಬಲ್ಲಿ 'ನಿದ್ದೆ' ಎಂದು ಬರೆದು ಸಹಿ ಹಾಕಿದರು.

"ನಾನೂ ಬರ್ತೀನಿ ಬಿಡು," ಎಂದರು. "ನೀನೊಬ್ಬಳೇ ಹೋದ್ರೆ ಹಾಸನದಲ್ಲೇ ಇಳಿದುಬಿಡ್ತೀಯ."

ಶನಿವಾರ ಬೆಳಿಗ್ಗೆ ಐದೂವರೆ. ಸ್ನಾನವಾಗಿತ್ತು, ವಿಭೂತಿ ಇಟ್ಟಾಗಿತ್ತು, ಬುತ್ತಿ ಕಟ್ಟಿತ್ತು. ಆಟೋ ಗೇಟಿಗೆ ಬಂದು ಹಾರ್ನ್ ಹೊಡೆಯಿತು. ರುದ್ರಾಂಬ ಬಾಗಿಲು ಎಳೆದರು. ಅದು ಅಲುಗಲಿಲ್ಲ.

ಕ್ಯಾಬಿನ್ನಿನಲ್ಲಿ ಕೆಂಪು ದೀಪ ಕೆಂಡದಂತೆ ಉರಿಯುತ್ತಿತ್ತು. "ದಯವಿಟ್ಟು ಗಮನಿಸಿ. ನಿನ್ನೆ ಸಂಜೆಯಿಂದ ಪಕ್ಕದ ಎಲ್ಲ ಸ್ಟೇಷನ್‌ಗಳನ್ನು ಕೂಗಲಾಗಿದೆ. ಯಾವ ಸ್ಟೇಷನ್ನೂ ಉತ್ತರಿಸುತ್ತಿಲ್ಲ. ಲೈನ್ ಕ್ಲಿಯರ್ ಇಲ್ಲ. ಎಲ್ಲ ನಿರ್ಗಮನಗಳನ್ನೂ ತಡೆಹಿಡಿಯಲಾಗಿದೆ."

"ತೆಗೀರಿ ಇದನ್ನ."

"ತೆಗೆಯೋಕಾಗಲ್ಲ ಕಣೇ. ಸಂಪರ್ಕ ಕಡಿದರೆ ಹೊರಡೋರಿಗೆಲ್ಲ ಕೆಂಪಾಗಬೇಕು. ಅದೇ ಅದರ ಹೆಚ್ಚುಗಾರಿಕೆ."

"ವೈರು ಕೀಳಿ."

"ಕಿತ್ತರೂ ಕೆಂಪೇ. ಬ್ಯಾಟರಿ ಇಟ್ಟಿದೀನಿ." ಅವರ ದನಿಯಲ್ಲಿ ಆಗಲೂ ಒಂದು ಹನಿ ಹೆಮ್ಮೆ ಇತ್ತು.

"ಹಿತ್ತಲ ಬಾಗಿಲು?"

"ಅದಕ್ಕೂ ಅಗುಳಿ ಹಾಕಿದೀನಲ್ಲ."

ಕಿಟಕಿಗಳಿಗೆಲ್ಲ ಕಬ್ಬಿಣದ ಸರಳು. ಆಟೋದವನು ಮತ್ತೆ ಹಾರ್ನ್ ಹೊಡೆದ. ಐದು ನಲವತ್ತು. ಮರುಳಸಿದ್ದಪ್ಪನವರು ಸ್ಕ್ರೂಡ್ರೈವರ್ ಹಿಡಿದು ಪೆಟ್ಟಿಗೆಯನ್ನು ಮೂರು ಸುತ್ತು ಬಂದರು. ತಾವೇ ಭದ್ರವಾಗಿ ಮಾಡಿದ್ದರಿಂದ ಎಲ್ಲಿಯೂ ಕೈ ಹಾಕಲು ಸಂದಿಯೇ ಇರಲಿಲ್ಲ. ರುದ್ರಾಂಬ ಬಾಗಿಲಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ಓಡಾಡಿದರು. ಹೋಯಿತು ಪಾಸು, ಹೋಯಿತು ಕಡಲು. ಮೂವತ್ತಾರು ವರ್ಷ ಕಾದದ್ದಕ್ಕೆ ಕೊನೆಗೆ ತಮ್ಮ ಮನೆಯ ಬಾಗಿಲೇ ತಮಗೆ ಕೆಂಪು ತೋರಿಸಿತಲ್ಲ ಎನಿಸಿತು. ನಡೆಯುತ್ತ ನಡೆಯುತ್ತ ತಟ್ಟನೆ ನಿಂತರು.

"ಏನ್ರೀ, ಸಿಗ್ನಲ್ ಕೆಟ್ಟು ಕೆಂಪಲ್ಲೇ ನಿಂತ್ರೆ ಗಾಡಿ ಏನ್ಮಾಡುತ್ತೆ? ಪ್ರಳಯ ಆಗೋ ತನಕ ನಿಂತಿರುತ್ತಾ?"

"ಅದು ಹೆಂಗೆ ನಿಂತಿರುತ್ತೆ? ಡ್ರೈವರಿಗೆ ಚೀಟಿ ಕೊಡ್ತಾರೆ. ಕೆಂಪು ದಾಟಿ ನಿಧಾನವಾಗಿ ಹೋಗಬಹುದು ಅಂತ."

"ಅದೇ ಚೀಟಿ. ನೀವು ಪರೀಕ್ಷೆಗೆ ಓದೋವಾಗ ಪುಸ್ತಕ ಹಿಡ್ಕೊಂಡು ಪ್ರಶ್ನೆ ಕೇಳ್ತಿದ್ದೋಳು ನಾನು. ಒಂದು ಚೀಟಿ ಒಂದೇ ಗಾಡಿಗೆ. ಹೌದೋ ಇಲ್ಲವೋ?"

"ಹೌದು," ಎಂದರು ಅವರು, ಬೆರಗಾಗಿ.

ರುದ್ರಾಂಬ ರಿಜಿಸ್ಟರಿನಿಂದ ಒಂದು ಹಾಳೆ ಹರಿದರು. ಆ ಸದ್ದಿಗೆ ಮರುಳಸಿದ್ದಪ್ಪನವರ ಜೀವ ಹಾರಿತು. ರುದ್ರಾಂಬ ದುಂಡಗೆ ಬರೆದರು: ಸಿಗ್ನಲ್ ಕೆಟ್ಟಿದೆ. ಈ ಗಾಡಿ ಕೆಂಪು ದಾಟಿ ಹೋಗಬಹುದು. ವೇಗ ಹತ್ತು. ಎದುರಿಗೆ ನೋಡಿಕೊಂಡು ಹೋಗುವುದು.

"ಸಹಿ ಹಾಕಿ."

ಮರುಳಸಿದ್ದಪ್ಪ ಪೆನ್ನು ಹಿಡಿದವರು ಕೆಳಗಿಟ್ಟರು. "ನಾನು ಹಾಕೋ ಹಾಗಿಲ್ಲ."

"ಯಾಕೆ?"

"ನಾನು ಸಿಗ್ನಲ್‌ನವನು. ರಿಪೇರಿ ಮಾಡಬಹುದು, ಗಾಡಿ ಬಿಡೋ ಅಧಿಕಾರ ಇಲ್ಲ. ಅದಕ್ಕೆ ಸ್ಟೇಷನ್ ಮಾಸ್ಟರ್ರೇ ಸಹಿ ಹಾಕಬೇಕು."

ಹಳದಿ ದೀಪ ಹತ್ತಿತು. "ಎಚ್ಚರಿಕೆ. ಸ್ಟೇಷನ್ ಮಾಸ್ಟರ್ ಹುದ್ದೆ ಖಾಲಿ ಇದೆ."

ಇಬ್ಬರೂ ಆ ದೀಪವನ್ನು ನೋಡಿದರು. ಆಮೇಲೆ ಒಬ್ಬರನ್ನೊಬ್ಬರು ನೋಡಿದರು.

"ಈ ಮನೇಲಿ ಯಾರು ಯಾವಾಗ ಉಣ್ಣಬೇಕು, ಯಾವಾಗ ಏಳಬೇಕು, ಯಾರ ಮದುವೆಗೆ ಯಾರು ಹೋಗಬೇಕು, ಇಷ್ಟು ವರ್ಷ ಹೇಳಿದ್ದು ಯಾರು?" ಎಂದು ಕೇಳಿದರು ರುದ್ರಾಂಬ.

ಮರುಳಸಿದ್ದಪ್ಪನವರು ಪೆನ್ನನ್ನು ಎರಡೂ ಕೈಯಲ್ಲಿ ಹಿಡಿದು ಹೆಂಡತಿಯ ಕಡೆಗೆ ಚಾಚಿದರು. ರುದ್ರಾಂಬ ಸಹಿ ಹಾಕಿದರು. ಕೆಳಗೆ 'ಸ್ಟೇಷನ್ ಮಾಸ್ಟರ್' ಎಂದು ಬರೆದು, ಎರಡು ಗೆರೆ ಎಳೆದು, ಕ್ಯಾಮೆರಾದ ಮುಂದೆ ಹಿಡಿದರು.

ಕ್ಯಾಬಿನ್ ಬಹಳ ಹೊತ್ತು ಯೋಚಿಸಿತು. ಆಟೋದವನು ಇನ್ನೊಮ್ಮೆ ಹಾರ್ನ್ ಹೊಡೆದ.

"ದಯವಿಟ್ಟು ಗಮನಿಸಿ. ಸ್ಟೇಷನ್ ಮಾಸ್ಟರ್ ಅಧಿಕಾರ ವಹಿಸಿಕೊಂಡಿದ್ದಾರೆ. ಗಾಡಿ ಹೊರಡಬಹುದು."

ಅಗುಳಿ ಸರಿಯಿತು. ನಿಧಾನವಾಗಿ ಹೋಗಲು ತಾವೇ ಬರೆದಿದ್ದರೂ ಸ್ಟೇಷನ್ ಮಾಸ್ಟರ್ ಮೊದಲು ಓಡಿದರು. ಸಿಗ್ನಲ್ ಇನ್‌ಸ್ಪೆಕ್ಟರ್ ಬುತ್ತಿ, ಚೀಲ, ಕೊಡೆ ಹೊತ್ತು ಹಿಂದೆ ಓಡಿದರು. ಹಿಂದೆ ಬಾಗಿಲು ತಾನೇ ಮುಚ್ಚಿಕೊಂಡಿತು. ಮನೆ ಖಾಲಿಯಾಯಿತು. ದೀಪ ಹಸಿರಾಯಿತು. ಅದನ್ನು ನೋಡಲು ಅಲ್ಲಿ ಯಾರೂ ಇರಲಿಲ್ಲ.

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ರುದ್ರಾಂಬ ಉಳ್ಳಾಲದಲ್ಲಿ ಮೊಣಕಾಲಿನವರೆಗೆ ಸೀರೆ ಎತ್ತಿ ಹಿಡಿದು ನೀರಿನಲ್ಲಿ ನಿಂತಿದ್ದರು. ಅಲೆ ಬಂದಾಗ ಕಾಲಡಿಯ ಮರಳು ಜಾರುತ್ತಿತ್ತು. ಪ್ರತಿ ಸಲವೂ ಬಿದ್ದೇಬಿಟ್ಟೆ ಅನಿಸುತ್ತಿತ್ತು, ಬೀಳುತ್ತಿರಲಿಲ್ಲ. ಇಷ್ಟು ದೊಡ್ಡದನ್ನು ಇಷ್ಟು ವರ್ಷ ಇಲ್ಲಿ ಇಟ್ಟುಕೊಂಡು ಯಾರೂ ಸರಿಯಾಗಿ ಹೇಳಲೇ ಇಲ್ಲವಲ್ಲ ಎಂದುಕೊಂಡರು. ಮರುಳಸಿದ್ದಪ್ಪನವರು ದಡದಲ್ಲಿ ಚಪ್ಪಲಿ ಕಾಯುತ್ತ ಕೂತಿದ್ದರು. ಫೋನು ಬಂತು. ಅವರು ಕೇಳಿಸಿಕೊಂಡು, ಪ್ಯಾಂಟು ನೆನೆಯುವುದನ್ನೂ ನೋಡದೆ ನೀರಿನೊಳಗೇ ನಡೆದು ಬಂದರು.

"ಶಾಹಿದಾ. ಮನೆಗೆ ಕಳ್ಳ ನುಗ್ಗಿದಾನಂತೆ."

ರುದ್ರಾಂಬ ಫೋನು ಇಸಿದುಕೊಂಡರು. "ಏನಾಯ್ತವ್ವ? ಏನು ಹೊತ್ಕೊಂಡು ಹೋದ?"

"ಏನೂ ಹೊತ್ಕೊಂಡಿಲ್ಲ ಅಮ್ಮ. ಹೋಗಿದ್ರೆ ತಾನೇ? ನಿನ್ನೆ ಮಧ್ಯಾಹ್ನ ಬಂದ. ಬಾಗಿಲು ತಾನೇ ತೆಗೀತಂತೆ, 'ಲೈನ್ ಖಾಲಿ ಇದೆ, ಒಳಗೆ ಬನ್ನಿ' ಅಂತಂತೆ. ಬಂದ. ಬಾಗಿಲು ಮುಚ್ಕೊಳ್ತು. ಈಗ ಹೊರಗೆ ಬಿಡ್ತಿಲ್ಲ. ಸ್ಟೇಷನ್ ಮಾಸ್ಟರ್ ಸಹಿ ತಗೊಂಡು ಬಾ ಅಂತಿದೆ. ನಿನ್ನೆಯಿಂದ ಕಿಟಕೀಲಿ ಸರಳು ಹಿಡ್ಕೊಂಡು, ಪೊಲೀಸರನ್ನ ಕರೀರಿ ಅಂತ ಅವನೇ ಅಳ್ತಿದಾನೆ."

"ಕರೆದ್ರಾ?"

"ಬಂದ್ರು. ಅವರನ್ನ ಒಳಗೆ ಬಿಡ್ತಿಲ್ಲ. ಒಳಗೆ ಆಗ್ಲೇ ಒಂದು ಗಾಡಿ ನಿಂತಿದೆಯಂತೆ, ಅದು ಹೊರಡೋ ತನಕ ಇನ್ನೊಂದನ್ನ ತಗೊಳ್ಳಲ್ವಂತೆ. ಅವರು ಗೇಟಿನ ಮುಂದೆ ಕುರ್ಚಿ ಹಾಕ್ಕೊಂಡು ಕೂತಿದಾರೆ. ನಿಮ್ಮನೆಯಿಂದ ಗಂಟೆಗೊಂದ್ಸಲ ಅನೌನ್ಸ್‌ಮೆಂಟ್ ಬೇರೆ: ಕಳ್ಳರು ಇಪ್ಪತ್ತು ಗಂಟೆ ತಡವಾಗಿ ನಿರ್ಗಮಿಸುವ ಸಾಧ್ಯತೆ ಇದೆ, ವಿಷಾದಿಸುತ್ತೇವೆ ಅಂತ."

"ಊಟ ಮಾಡಿದ್ನಾ?"

"ಡಬ್ಬೀಲಿದ್ದ ಚಕ್ಕುಲಿ ತಿಂದಿದಾನೆ."

ಮರುಳಸಿದ್ದಪ್ಪನವರು ಅಷ್ಟರಲ್ಲಿ ಚಪ್ಪಲಿ ಹಾಕಿಕೊಂಡು, ಹೆಂಡತಿಯ ಚಪ್ಪಲಿಯನ್ನೂ ಕೈಯಲ್ಲಿ ಹಿಡಿದು ಸಿದ್ಧರಾಗಿದ್ದರು. "ನಡಿಯೇ, ಹನ್ನೊಂದೂವರೆಗೆ ಒಂದು ಗಾಡಿ ಇದೆ. ನೀನು ಹೋಗಿ ಸಹಿ ಹಾಕಬೇಕು."

ಒಂದು ದೊಡ್ಡ ಅಲೆ ಬಂತು. ರುದ್ರಾಂಬ ಸೀರೆಯನ್ನು ಇನ್ನೊಂದು ಗೇಣು ಮೇಲೆತ್ತಿ ಅದು ಹೋಗುವವರೆಗೆ ಕಾದರು.

"ಸ್ಟೇಷನ್ ಮಾಸ್ಟರ್ ಸೋಮವಾರ ಸಂಜೆವರೆಗೆ ರಜೆ," ಎಂದು ಫೋನಿಗೆ ಹೇಳಿ, ಅದನ್ನು ಗಂಡನ ಜೇಬಿನಲ್ಲಿಟ್ಟರು. ಆಮೇಲೆ ಅವರ ಕೈಯಿಂದ ಚಪ್ಪಲಿ ತೆಗೆದು ಮತ್ತೆ ಮರಳಿನ ಮೇಲೆ ಎಸೆದರು.

"ಮನೆ ಕಾಯೋಕೆ ಜನ ಬೇಕು ಅಂತಿದ್ರಲ್ಲ," ಎಂದರು. "ಒಬ್ಬ ಕೂತಿದಾನೆ ಬಿಡಿ."